ಏಳನೆಯ ಕೊಕ್ಕೆ

ಸರ್ಕಾರಿ ಸಸ್ಯತೋಟ ಅಂದರೆ ನಿಮ್ಮ ಕಣ್ಣಿಗೆ ಬರುವುದು ಹೂವು, ಹುಲ್ಲುಹಾಸು, ಬೆಂಚಿನ ಮೇಲೆ ಕೂತ ಜೋಡಿಗಳು. ನನ್ನ ಕಣ್ಣಿಗೆ ಬರುವುದು ಪತ್ರಗಳು. ಮೂವತ್ತೊಂದು ವರ್ಷ ಅಲ್ಲಿ ಗುಮಾಸ್ತನಾಗಿದ್ದವನು ನಾನು. ಒಂದು ಗಿಡಕ್ಕೆ ಗೊಬ್ಬರ ಬೇಕಾದರೆ ಮೂರು ಪತ್ರ ಬರೆಯಬೇಕಿತ್ತು. ಮೂರನೆಯದಕ್ಕೆ ಉತ್ತರ ಬರುವ ಹೊತ್ತಿಗೆ ಆ ಗಿಡವೇ ಗೊಬ್ಬರವಾಗಿರುತ್ತಿತ್ತು. ಆಗ ಆಳುತ್ತಿದ್ದವರು ಪರದೇಶದವರು. ಜಗತ್ತಿನ ಎಲ್ಲ ಮೂಲೆಯ ಗಿಡಗಳೂ ಅವರಿಗೆ ಆ ತೋಟದಲ್ಲಿ ಬೇಕಾಗಿದ್ದವು. ಆ ಗಿಡಗಳಿಗೆ ನೀರು ಹಾಕುವವರಿಗೂ ಹೊಟ್ಟೆಯಿದೆ ಎಂಬ ವಿಷಯ ಮಾತ್ರ ತಲೆಗೆ ಹೋಗುತ್ತಿರಲಿಲ್ಲ.

ನಾನು ಸೇರಿದಾಗ ಇಪ್ಪತ್ತೆರಡು ಆಳುಗಳ ಹುದ್ದೆಯಿತ್ತು. ಈಗ ಹೇಳಲು ಹೊರಟ ಸಂಗತಿ ನಡೆದದ್ದು ನಾನು ಸೇರಿ ಹತ್ತು ವರ್ಷವಾದ ಮೇಲೆ. ಆಗ ಉಳಿದಿದ್ದದ್ದು ಹದಿನಾಲ್ಕು. ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ, ಸರ್ಕಾರ ಅಷ್ಟು ಒರಟಲ್ಲ. ಒಬ್ಬ ಸತ್ತರೆ, ಇಲ್ಲವೇ ಕೈಲಾಗದೆ ಮನೆ ಸೇರಿದರೆ, ಆ ಹುದ್ದೆ ಅದೇ ಗಳಿಗೆಯಲ್ಲಿ ರದ್ದು ಎಂದು ಒಂದು ಆದೇಶ ಹೊರಡಿಸಿತ್ತು, ಅಷ್ಟೆ. ಈ ಸಂಗತಿಗೆ ನಾಲ್ಕು ವರ್ಷ ಮುಂಚೆ ಅದರ ಬಾಲಕ್ಕೆ ಇನ್ನೆರಡು ಸೇರಿಕೊಂಡವು. ಇನ್ನು ಮುಂದೆ ಹೆಂಗಸರನ್ನು ಕಳೆ ಕೀಳುವುದಕ್ಕೆ ಮಾತ್ರ, ಅರ್ಧ ಕೂಲಿಗೆ ಸೇರಿಸಿಕೊಳ್ಳತಕ್ಕದ್ದು. ತೋಟದ ಅರ್ಧ ಖರ್ಚನ್ನು ತೋಟವೇ ಗಿಡ ಮಾರಿ ದುಡಿದುಕೊಳ್ಳತಕ್ಕದ್ದು. ಈ ‘ತಕ್ಕದ್ದು’ಗಳನ್ನು ನಕಲು ಮಾಡಿ ಮಾಡಿ ನನ್ನ ಬೆರಳು ಸವೆದಿದೆ.

ನಮ್ಮ ದೊರೆ, ಅಂದರೆ ತೋಟದ ಮೇಲಧಿಕಾರಿ, ಕೆಟ್ಟವನಲ್ಲ. ಇಪ್ಪತ್ತು ವರ್ಷ ಇಲ್ಲೇ ಇದ್ದು ನಮ್ಮ ಮಾತನ್ನು ಎಡವುತ್ತ ಎಡವುತ್ತಲೇ ಆಡುವಷ್ಟು ಕಲಿತಿದ್ದ. ಸಾವಿರಾರು ಗಿಡಗಳ ಹೆಸರು ಅವನ ನಾಲಿಗೆಯ ತುದಿಯಲ್ಲಿರುತ್ತಿದ್ದವು. ಮನುಷ್ಯರ ಹೆಸರು ಮಾತ್ರ ಒಂದೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ಸಲಕರಣೆಯ ಕೋಣೆಯ ಗೋಡೆಗೆ ಇಪ್ಪತ್ತೆರಡು ಕೊಕ್ಕೆ ಹೊಡೆಸಿ, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆಸಿದ್ದ. ಆಳು ಬೆಳಿಗ್ಗೆ ತನ್ನ ಕೊಕ್ಕೆಯ ಗುದ್ದಲಿಯನ್ನೋ ಕತ್ತರಿಯನ್ನೋ ತೆಗೆದುಕೊಂಡು ಹೋಗಬೇಕು, ಸಂಜೆ ತಂದು ನೇತುಹಾಕಬೇಕು. ಏಳೂವರೆಗೆ ನಾನು ಹಾಜರಿ ಪುಸ್ತಕ ಹಿಡಿದು ಹೋಗಿ ಗೋಡೆ ನೋಡುತ್ತಿದ್ದೆ. ಕೊಕ್ಕೆ ಬರಿದಾಗಿದ್ದರೆ ಆಳು ಹಾಜರ್, ಸಲಕರಣೆ ತೂಗುತ್ತಿದ್ದರೆ ಗೈರು. ಯಾರ ಮುಖವನ್ನೂ ನೋಡುವ ಗೋಜಿಲ್ಲ. ಇದನ್ನು ಕಂಡುಹಿಡಿದದ್ದಕ್ಕೆ ದೊರೆಗೆ ಬಹಳ ಹೆಮ್ಮೆಯಿತ್ತು.

ಏಳನೆಯ ಕೊಕ್ಕೆಯಲ್ಲಿ ಇರುತ್ತಿದ್ದದ್ದು ಕಸಿ ಕಟ್ಟುವ ಚಾಕು. ಅದು ನನ್ನ ಸೋದರಮಾವನದು. ನನ್ನನ್ನು ಸಾಕಿದವರು ಮಾವ ಮತ್ತು ಅತ್ತೆ. ಅವರಿಗೆ ಮಕ್ಕಳಿರಲಿಲ್ಲ, ನನಗೆ ಅಪ್ಪ ಅಮ್ಮ ಇರಲಿಲ್ಲ, ಲೆಕ್ಕ ಸರಿಹೋಯಿತು. ಕಸಿಯ ಚಪ್ಪರದ ಕೆಳಗೆ ಒಂದು ಅಗಲವಾದ ಮಣೆಯ ಮೇಲೆ ಇಬ್ಬರೂ ಒತ್ತಿಕೊಂಡು ಕೂತಿರುತ್ತಿದ್ದರು. ಊಟ ತರುವ ನೆಪದಲ್ಲಿ ಅತ್ತೆ ಬೆಳಿಗ್ಗೆಯೇ ಬರುವಳು, ಪಾತ್ರೆ ಒಯ್ಯುವ ನೆಪದಲ್ಲಿ ಸಂಜೆಯವರೆಗೂ ಇರುವಳು. ಮಾವ ಕತ್ತರಿಸಿ ಕೂಡಿಸುತ್ತಾನೆ, ಅತ್ತೆ ಬಾಳೆನಾರು ಸುತ್ತುತ್ತಾಳೆ ಎಂದು ನಾನು ತಿಳಿದಿದ್ದೆ. ದಿನವಿಡೀ ಜಗಳ. ನೀನು ನಾರು ಬಿಗಿದದ್ದು ಹೆಚ್ಚಾಯಿತು ಎಂದು ಅವನು, ನೀವು ಕೊಯ್ದದ್ದು ಓರೆಯಾಯಿತು ಎಂದು ಅವಳು. ಅತ್ತೆಯ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದರೆ ಅದು ಅವಳು ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಾಗ ಮಾತ್ರ.

ಮಾವ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ. ದೊರೆ ಆಗ ದೀರ್ಘ ರಜೆಯ ಮೇಲೆ ತನ್ನ ದೇಶಕ್ಕೆ ಹೋಗಿದ್ದ. ತೋಟದ ಆಳುಗಳೆಲ್ಲ ಬಂದು ಹೆಗಲು ಕೊಟ್ಟರು. ಅತ್ತೆ ಅಳಲಿಲ್ಲ. ಬಂದವರಿಗೆಲ್ಲ ಕೂರಲು ಚಾಪೆ ಹಾಸುವುದರಲ್ಲೇ ಇದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಾಜರಿ ಪುಸ್ತಕ ಹಿಡಿದು ಸಲಕರಣೆಯ ಕೋಣೆಗೆ ಹೋದೆ. ಏಳನೆಯ ಸಾಲಿನ ಎದುರು ‘ಮೃತ’ ಎಂದು ಬರೆಯಬೇಕಿತ್ತು. ಗೋಡೆ ನೋಡಿದರೆ ಏಳನೆಯ ಕೊಕ್ಕೆ ಬರಿದಾಗಿತ್ತು.

ಚಪ್ಪರಕ್ಕೆ ಓಡಿದೆ. ಅತ್ತೆ ಮಣೆಯ ನಡುಮಧ್ಯೆ ಒಬ್ಬಳೇ ಕೂತು ಗುಲಾಬಿಗೆ ಕಸಿಯ ಕಣ್ಣು ಕೂಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು: “ಹಾಜರಿ ಹಾಕಿದ್ಯಾ?”

ಹಾಕಿದೆ. ಹಾಕಬಾರದಿತ್ತು, ಗೊತ್ತು. ನೀವಾಗಿದ್ದರೂ ಹಾಕುತ್ತಿದ್ದಿರಿ.

ಹೀಗೆ ಮಾವ ಸತ್ತ ಮೇಲೂ ಎರಡು ವರ್ಷ ಒಂದು ದಿನ ತಪ್ಪದೆ ಕೆಲಸಕ್ಕೆ ಬಂದ. ಬದುಕಿದ್ದಾಗ ಅವನು ಅಷ್ಟು ಶಿಸ್ತಿನವನಾಗಿರಲಿಲ್ಲ. ದೊರೆ ರಜೆ ಮುಗಿಸಿ ಬಂದು ಚಪ್ಪರದಲ್ಲಿ ಅತ್ತೆಯನ್ನು ನೋಡಿದ. ಅವಳು ಅಲ್ಲಿ ಯಾವಾಗಲೂ ಇದ್ದವಳೇ, ಆಶ್ಚರ್ಯವೇನೂ ಆಗಲಿಲ್ಲ. ಏಳು ಎಲ್ಲಿ ಎಂದು ಕೇಳಿದರೆ, ಕಸಿಗೆ ಕಡ್ಡಿ ತರಲು ಹೋಗಿದೆ ಎನ್ನುತ್ತಿದ್ದೆ. ಏಳಕ್ಕೆ ಹೇಳು, ಹಳದಿ ಗುಲಾಬಿ ಇನ್ನೂರು ಬೇಕು ಎನ್ನುತ್ತಿದ್ದ. ನಾನು ಅತ್ತೆಗೆ ಹೇಳುತ್ತಿದ್ದೆ. ಅತ್ತೆ, ಮಣ್ಣು ಬದಲಾಯಿಸದೆ ಇನ್ನೂರು ಆಗಲ್ಲ ಅಂತ ಏಳು ಹೇಳ್ತು ಅಂತ ಹೇಳು ಎನ್ನುತ್ತಿದ್ದಳು. ದೊರೆ ಮಣ್ಣು ಬದಲಾಯಿಸುತ್ತಿದ್ದ. ಬದುಕಿದ್ದ ಏಳಕ್ಕಿಂತ ಸತ್ತ ಏಳಕ್ಕೇ ಮರ್ಯಾದೆ ಹೆಚ್ಚಾಗಿತ್ತು. ಅದಕ್ಕೆ ಕಾರಣವೂ ಇತ್ತು: ಕಸಿ ಗಿಡಗಳಿಗೆ ಜನ ಗೇಟಿನ ಹೊರಗೆ ಸಾಲುಗಟ್ಟುತ್ತಿದ್ದರು, ತೋಟ ದುಡಿಯುತ್ತಿದ್ದದ್ದು ಬಹುಪಾಲು ಆ ಒಂದು ಚಪ್ಪರದಿಂದ.

ಬಟವಾಡೆಗೂ ತೊಂದರೆಯಿರಲಿಲ್ಲ. ತಿಂಗಳಿಗೊಮ್ಮೆ ಖಜಾನೆಯ ಗುಮಾಸ್ತ ಬಂದು ಗೇಟಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ. ಅದರ ಕಿಟಕಿಗೆ ಹಲಗೆ ಬಡಿದು, ಒಂದು ಕೈ ತೂರುವಷ್ಟು ಮಾತ್ರ ಸಂದು ಬಿಟ್ಟಿದ್ದರು. ಆಳು ಹೊರಗಿನಿಂದ ಅಂಕಿ ಹೇಳಿ ಕೈ ಒಳಗೆ ಚಾಚುವುದು, ಅವನು ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಇಡುವುದು. ಕೊಕ್ಕೆ ನೋಡಿ ಹಾಜರಿ, ಕೈ ನೋಡಿ ಸಂಬಳ. ಇಡೀ ಮನುಷ್ಯನನ್ನು ನೋಡುವ ಕೆಲಸ ಅಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಆ ಪತ್ರ ಬಂತು. ಲೆಕ್ಕ ತನಿಖೆಯವರು ಬರುತ್ತಾರೆ. ಹದಿನಾಲ್ಕು ಆಳುಗಳೂ ಒಬ್ಬೊಬ್ಬರಾಗಿ ಅವರೆದುರು ನಿಂತು ಹೆಬ್ಬೆಟ್ಟು ಒತ್ತತಕ್ಕದ್ದು. ಅದನ್ನು ಬಟವಾಡೆ ಪುಸ್ತಕದ ಹಳೆಯ ಹೆಬ್ಬೆಟ್ಟುಗಳೊಂದಿಗೆ ಹೋಲಿಸತಕ್ಕದ್ದು. ಎರಡು ವರ್ಷದ ಹೆಬ್ಬೆಟ್ಟು ಅತ್ತೆಯದು, ಅದಕ್ಕೆ ಹಿಂದಿನದೆಲ್ಲ ಮಾವನದು. ಪುಟ ತಿರುವಿದರೆ ಸಾಕು, ಸತ್ತವನ ಸಂಬಳ ಯಾರೋ ತಿಂದಿದ್ದಾರೆ ಎಂದು ಕಣ್ಣಿಗೆ ರಾಚುತ್ತದೆ. ಆ ಸಾಲುಗಳನ್ನು ಬರೆದ ಕೈ ನನ್ನದು.

ಮಧ್ಯಾಹ್ನ ಚಪ್ಪರಕ್ಕೆ ಹೋಗಿ ಕೂತೆ. ಮಾವ ಹೋದ ವಾರ ತೀರಿಕೊಂಡ ಎಂದು ಬರೆದುಬಿಡುತ್ತೇನೆ ಎಂದೆ. ತನಿಖೆಯವರು ಬರುವಷ್ಟರಲ್ಲಿ ಏಳನೆಯ ಹುದ್ದೆಯೇ ಇರುವುದಿಲ್ಲ, ಹೋಲಿಸುವ ಪ್ರಶ್ನೆಯೇ ಬರುವುದಿಲ್ಲ. ಚಾಕು ಆಳುಗಳ ಮೇಸ್ತ್ರಿಯ ಕೈಗೆ ಹೋಗುತ್ತದೆ. ಮೇಸ್ತ್ರಿ ಆ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚಬಲ್ಲ, ಅದಕ್ಕಿಂತ ಹೆಚ್ಚಿನದು ಅವನಿಂದಾಗದು. ಆದರೆ ಅದು ಸರ್ಕಾರದ ಹಣೆಬರಹ. ನಿನಗೆ ಕಳೆ ಕೀಳುವ ಹೆಂಗಸರ ಜೊತೆ ಕೆಲಸ ಕೊಡಿಸುತ್ತೇನೆ ಎಂದೆ.

“ಹತ್ತೊಂಬತ್ತು ವರ್ಷ ಈ ಮಣೆ ಮೇಲೆ ಕೂತಿದೀನಿ,” ಅಂದಳು ಅತ್ತೆ. “ಇದೊಂದೇ ನಂಗೆ ಬರೋದು. ಮನೇಲಿ ಅವರಿಲ್ಲ. ಇಲ್ಲೂ ಇಲ್ಲ ಅಂದ್ರೆ ನಾನೆಲ್ಲಿ ಹೋಗಿ ಕೂರಲಿ?”

ಹಾಗಾದರೆ ನನ್ನನ್ನು ಜೈಲಿಗೆ ಕಳಿಸು ಎಂದು ರೇಗಿದೆ.

“ಊಟ ತಂದ್ಕೊಡ್ತೀನಿ ಬಿಡು,” ಅಂದು ನಾರಿನ ತುದಿ ಕಚ್ಚಿಕೊಂಡಳು.

ನಾನು ‘ಮೃತ’ ಎಂದು ಬರೆಯಲಿಲ್ಲ. ಪೆನ್ನನ್ನು ಮಸಿಯಲ್ಲಿ ಅದ್ದಿ ಅದ್ದಿ ಒರೆಸಿದ್ದೇ ಬಂತು. ಅವಳ ಮೇಲೆ ಕೋಪವಿತ್ತು, ನಿಜ. ಆದರೆ ಆ ಮಣೆಯಿಂದ ಅವಳನ್ನು ಎಬ್ಬಿಸುವವನು ನಾನಾಗುವುದು ನನ್ನಿಂದ ಆಗುತ್ತಿರಲಿಲ್ಲ.

ಲೆಕ್ಕ ತನಿಖೆಯವರು ಹೇಳಿದ ದಿನಕ್ಕೆ, ಹೇಳಿದ ಗಳಿಗೆಗೆ ಬಂದರು. ಒಣಕಲು ಮನುಷ್ಯ. ತಮ್ಮದೇ ಮಸಿ, ತಮ್ಮದೇ ಭೂತಗನ್ನಡಿ, ಕುರ್ಚಿಯ ಮೇಲೆ ಹಾಕಿಕೊಳ್ಳಲು ತಮ್ಮದೇ ದಿಂಬು ತಂದಿದ್ದರು. ನಮ್ಮ ಕಚೇರಿಯ ಕುರ್ಚಿಗಳ ಬಗ್ಗೆ ಅವರಿಗೆ ಮೊದಲೇ ವರದಿ ಹೋಗಿರಬೇಕು. ಮೇಜಿನ ಮೇಲೆ ಹತ್ತೊಂಬತ್ತು ವರ್ಷದ ಹತ್ತೊಂಬತ್ತು ಬಟವಾಡೆ ಪುಸ್ತಕ ಪೇರಿಸಿಟ್ಟೆ. ದೊರೆ ಪಕ್ಕದಲ್ಲಿ ಕೂತಿದ್ದ. ಒಂದರಿಂದ ಆರರವರೆಗೆ ಆಳುಗಳು ಬಂದರು, ಒತ್ತಿದರು, ಹೋದರು.

ಏಳು ಎಂದು ಕೂಗಿದರು. ಅತ್ತೆ ಬಂದಳು. ಕೈ ತೊಳೆದು ಬಂದಿದ್ದಳು, ಚಾಕು ಸೊಂಟದಲ್ಲಿತ್ತು. ಇವಳು ಏಳರ ಹೆಂಡತಿ, ಏಳು ಎಲ್ಲಿ ಎಂದು ದೊರೆ ನನ್ನನ್ನು ಕೇಳಿದ. ಕಡ್ಡಿ ತರಲು ಹೋಗಿದೆ ಎನ್ನಲು ಬಾಯಿ ತೆರೆದೆ.

“ನಾನೇ ಏಳು,” ಎಂದು ಅತ್ತೆ ಮೇಜಿನ ಮೇಲೆ ಹೆಬ್ಬೆರಳು ಚಾಚಿದಳು.

ಚಾಚಿದ ಬೆರಳಿಗೆ ಮಸಿ ಹಚ್ಚುವುದು ಅವರಿಗೆ ಅಭ್ಯಾಸವಾಗಿಹೋಗಿತ್ತೋ ಏನೋ, ತನಿಖೆಯವರು ಹಚ್ಚಿ ಒತ್ತಿಸಿಕೊಂಡರು. ಭೂತಗನ್ನಡಿ ಹಿಡಿದು ಕಳೆದ ತಿಂಗಳ ಪುಟ ನೋಡಿದರು. ಅದು ಹೊಂದುವುದೇ. ಒಂದು ವರ್ಷ ಹಿಂದೆ ಹೋದರು. ಎರಡು ವರ್ಷ. ಅಲ್ಲಿಂದಾಚೆ ಮಾವ ಬದುಕಿದ್ದ ಕಾಲ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವರು ಪುಟ ತಿರುವಿದರು, ಮತ್ತೆ ತಿರುವಿದರು, ಒಂದು ಪುಸ್ತಕ ಮುಚ್ಚಿ ಇನ್ನೊಂದು ತೆಗೆದರು. ಐದು ವರ್ಷ, ಹತ್ತು ವರ್ಷ. ಹತ್ತೊಂಬತ್ತನೆಯ ಪುಸ್ತಕದ ಕೊನೆಗೆ ಬರುವ ಹೊತ್ತಿಗೆ ಉಳಿದ ಆಳುಗಳು ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು.

“ಎಲ್ಲಾ ಒಂದೇ ಹೆಬ್ಬೆಟ್ಟು,” ಅಂದರು ತನಿಖೆಯವರು. “ಮೊದಲನೇ ತಿಂಗಳದ್ದು ಮಾತ್ರ ಮಸುಕಾಗಿದೆ. ಮಸಿನೋ ರಕ್ತನೋ ಗೊತ್ತಾಗ್ತಿಲ್ಲ. ಮಿಕ್ಕಿದ್ದೆಲ್ಲ ಈಕೇದು. ಆದ್ರೆ ಹೆಸರು ಗಂಡಸಿನದು ಬರೆದಿದೆ.”

ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ.

“ರಕ್ತ ಅದು,” ಅಂದಳು. “ನಮ್ಮನೆಯವರು ಕೆಲಸಕ್ಕೆ ಸೇರಿದ ಹೊಸತು, ಚಾಕು ಜಾರಿ ಹೆಬ್ಬೆರಳೇ ಕೊಯ್ಕೊಂಡ್ರು. ಇಂಥ ಹೆಬ್ಬೆಟ್ಟು ನಡೆಯಲ್ಲ, ಮುಂದಿನ ತಿಂಗಳು ನೆಟ್ಟಗೆ ಒತ್ತು ಅಂತ ಖಜಾನೆಯವನು ಬೈದ. ಮುಂದಿನ ತಿಂಗಳೂ ಗಾಯ ಮಾಗಿರಲಿಲ್ಲ. ನಾನು ಹೋಗಿ ಒತ್ತಿದೆ. ಆಮೇಲೆ ಅವರು ಆ ಕಿಟಕಿ ಹತ್ರ ಹೋಗ್ಲೇ ಇಲ್ಲ.”

ಸಂಬಳದ ದಿನ ಅತ್ತೆಯೇ ದುಡ್ಡು ಹಿಡಿದು ಮನೆಗೆ ಬರುತ್ತಿದ್ದಳು. ಮಾವ ತಂದದ್ದನ್ನು ದಾರಿಯಲ್ಲೇ ಕಿತ್ತುಕೊಳ್ಳುತ್ತಾಳೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ದೊರೆಗೆ ಮಾತು ಪೂರ್ತಿ ಹಿಡಿದಿರಲಿಲ್ಲ. ಏಳು ಎಲ್ಲಿ ಎಂದು ಇನ್ನೊಮ್ಮೆ ಕೇಳಿದ, ಈ ಸಲ ಅತ್ತೆಯನ್ನೇ. ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದು ಅವಳು ಹೇಳಿದಳು. ದೊರೆ ತಲೆಯ ಮೇಲಿದ್ದ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ನನಗೆ ಯಾರೂ ಹೇಳಲಿಲ್ಲ ಎಂದ. ಅವನ ಮುಖ ಕೆಂಪಾಯಿತು. ಅವನನ್ನು ಕಂಡು ನನಗೆ ಅಯ್ಯೋ ಅನಿಸಿದ್ದು ಅದೇ ಮೊದಲು, ಯಾಕೆಂದರೆ ಅವನಿಗೆ ನಿಜವಾಗಿ ನೋವಾಗಿತ್ತು, ಅದಕ್ಕೆ ಕಾರಣ ಆ ಕೊಕ್ಕೆಗಳ ಗೋಡೆ ಎಂಬುದೂ ಆ ಗಳಿಗೆಯಲ್ಲಿ ಅವನಿಗೆ ಹೊಳೆದಿತ್ತು.

ತನಿಖೆಯವರು ಕಳೆದೆರಡು ವರ್ಷದ ಪುಸ್ತಕಗಳ ಕೊನೆಯ ಪುಟ ತೆಗೆದು ನೋಡಿದರು. ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂಬುದರ ಕೆಳಗೆ ಅವರದೇ ರುಜು ಇತ್ತು. ಇಲ್ಲಿಗೆ ಬಾರದೆ ತಮ್ಮ ಕಚೇರಿಯಲ್ಲೇ ಕೂತು ಹಾಕಿದ ರುಜು. ಕನ್ನಡಕ ಒರೆಸಿಕೊಂಡು, ಇದನ್ನು ಎರಡು ರೀತಿ ಬರೆಯಬಹುದು ಎಂದರು. ಸತ್ತವನ ಸಂಬಳ ಬಟವಾಡೆಯಾಗಿದೆ ಎಂದು ಬರೆದರೆ ಗುಮಾಸ್ತ ಕಟಕಟೆ ಹತ್ತುತ್ತಾನೆ, ಹುದ್ದೆ ರದ್ದಾಗುತ್ತದೆ, ಸರಿಯಿದೆ ಎಂದು ರುಜು ಹಾಕಿದವರೂ ಉತ್ತರ ಹೇಳಬೇಕಾಗುತ್ತದೆ. ಇನ್ನೊಂದು ರೀತಿ: ಏಳನೆಯ ಹುದ್ದೆಯಲ್ಲಿ ಮೊದಲಿಂದ ಇರುವವಳು ಈಕೆಯೇ, ಆಗಿನ ಗುಮಾಸ್ತ ಹೆಸರು ತಪ್ಪಾಗಿ ಬರೆದ. ಆ ಗುಮಾಸ್ತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು; ಅವನಿಂದ ಅಡ್ಡಿಯಿರಲಿಲ್ಲ. ಹೆಂಗಸರ ಆದೇಶ ಬಂದದ್ದು ನಾಲ್ಕು ವರ್ಷದ ಹಿಂದೆ, ಈಕೆ ಹತ್ತೊಂಬತ್ತು ವರ್ಷದ ಹಿಂದೆಯೇ ಸೇರಿದವಳು, ಅದು ಈಕೆಗೆ ತಾಗುವುದಿಲ್ಲ ಎಂದು ದೊರೆ ತಟ್ಟನೆ ಬಾಯಿ ಹಾಕಿದ. ಬೇಕೆಂದಾಗ ಅವನಿಗೂ ನಿಯಮಗಳು ಬಾಯಿಪಾಠವಿದ್ದವು.

ಹತ್ತೊಂಬತ್ತು ಪುಸ್ತಕಗಳಲ್ಲೂ ಗಂಡನ ಹೆಸರಿಗೆ ಕೆಂಪು ಗೆರೆ ಹೊಡೆದು ಹೆಂಡತಿಯ ಹೆಸರು ಬರೆಯಬೇಕು. ಅಷ್ಟಾದರೆ ಹುದ್ದೆ ಉಳಿಯುತ್ತದೆ.

“ಅಂದ್ರೆ ಅವರು ಇಲ್ಲಿ ಕೆಲಸಾನೇ ಮಾಡಿಲ್ಲ ಅಂತ ಆಗುತ್ತಾ?” ಎಂದು ಅತ್ತೆ ಕೇಳಿದಳು.

“ಪುಸ್ತಕದಲ್ಲಿ ಹಾಗಾಗುತ್ತೆ, ತಾಯಿ.”

ಅತ್ತೆ ಕಿಟಕಿಯಾಚೆ ಗುಲಾಬಿ ಪಾತಿಗಳ ಕಡೆ ನೋಡುತ್ತ ನಿಂತಳು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಬೇಡ ಅನ್ನಲಿ ಎಂದೂ ಒಂದು ಗಳಿಗೆ ಅನಿಸಿತು, ಜೈಲಾದರೂ ಸರಿ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ತೋಟವನ್ನೆಲ್ಲ ತೋರಿಸಿದವನು ಮಾವ. ಅತ್ತೆ ತಿರುಗಿ, ಸರಿ, ಬರೆಯಿರಿ ಎಂದಳು.

ಊಟವಾದ ಮೇಲೆ ಕೆಂಪು ಮಸಿ, ಅಳತೆಪಟ್ಟಿ ಇಟ್ಟುಕೊಂಡು ಕೂತೆ. ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡಳು. ಓದು ಬಾರದವಳು, ಅವರ ಹೆಸರು ಯಾವುದು ತೋರಿಸು ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಇಷ್ಟೇ ಇದೆಯಾ ಎಂದು ಕೇಳಿದಳು. ಹೆಸರಿನ ಪಕ್ಕದಲ್ಲಿ ಇದೇನು ಎಂದಳು. ಅದು ಆ ತಿಂಗಳ ಕೆಲಸದ ವಿವರ, ಎಷ್ಟು ಕಸಿ ಕಟ್ಟಿದ್ದು, ಎಷ್ಟು ಹಿಡಿದದ್ದು. ಹಾಗಾದರೆ ಗೆರೆ ಹೊಡೆಯುವ ಮುಂಚೆ ಅದನ್ನು ಓದು ಎಂದಳು.

ಈಚಿನ ಪುಸ್ತಕದಿಂದ ಹಿಂದಕ್ಕೆ ಹೊರಟೆವು. ಹಳದಿ ಗುಲಾಬಿ ಇನ್ನೂರು, ಹಿಡಿದದ್ದು ನೂರಾ ತೊಂಬತ್ತೊಂದು. “ನಂದು,” ಅಂದಳು. ಹೊಡೆದೆ. ಕಿತ್ತಳೆ ಎಂಬತ್ತು, ಹಿಡಿದದ್ದು ಎಪ್ಪತ್ತನಾಲ್ಕು. “ನಂದು.” ಹೊಡೆದೆ. ಎರಡು ವರ್ಷ ದಾಟಿದೆವು. ಮಾವ ಬದುಕಿದ್ದ ಪುಸ್ತಕಗಳು ಬಂದವು. ಅಲ್ಲೂ ನಂದು, ನಂದು ಎನ್ನುತ್ತಲೇ ಹೋದಳು. ನಾನು ಪೆನ್ನು ನಿಲ್ಲಿಸಿದೆ. ಹೋಗೋ ಹೊತ್ತಿಗೆ ಅವರಿಗೆ ಕಣ್ಣು ಮಂಜಾಗಿ ಐದಾರು ವರ್ಷವಾಗಿತ್ತು ಕಣೋ, ಪಕ್ಕದಲ್ಲಿ ಕೂತು ಬೈಯೋದೊಂದೇ ಅವರ ಕೆಲಸ ಎಂದಳು, ಬೇಸರವಿಲ್ಲದೆ. ಎಂಟು ವರ್ಷದ ಹಿಂದಿನ ಪುಸ್ತಕದಲ್ಲಿ ಮೊದಲ ಸಲ “ಇಬ್ಬರದೂ” ಬಂತು. ಹದಿಮೂರು ವರ್ಷದ ಹಿಂದಿನ ಪುಸ್ತಕದಿಂದಾಚೆ “ಅವರದು”, “ಅವರದು”. ಆ ಸಾಲುಗಳಿಗೆ ಗೆರೆ ಹೊಡೆಯುವಾಗ ನಾನು ಪಟ್ಟಿಯನ್ನು ಗಟ್ಟಿಯಾಗಿ ಒತ್ತಿಹಿಡಿಯಬೇಕಾಯಿತು. ಅವಳು ಹೊಡಿ, ಹೊಡಿ, ಕೆಲಸ ಬಿದ್ದಿದೆ ಎನ್ನುತ್ತಿದ್ದಳು. ಪಕ್ಕದ ಕೋಣೆಯಲ್ಲಿ ದೊರೆ ಬಾಗಿಲು ಮುಚ್ಚದೆ ಕೂತಿದ್ದ.

ಕೊನೆಗೆ ಉಳಿದದ್ದು ಮೊಟ್ಟಮೊದಲ ತಿಂಗಳ ಸಾಲು. ಆ ರಕ್ತದ ಕಲೆ. ಓದಿದೆ: ಗುಲಾಬಿ ಕಸಿ ಹನ್ನೆರಡು, ಹಿಡಿದದ್ದು ಮೂರು.

“ಅದನ್ನ ಬಿಟ್ಬಿಡು,” ಅಂದಳು ಅತ್ತೆ.

ಒಂದು ಬಿಟ್ಟರೂ ತನಿಖೆಯವರು ಒಪ್ಪುವುದಿಲ್ಲ ಎಂದೆ.

“ಹನ್ನೆರಡಕ್ಕೆ ಮೂರು! ಅದನ್ನ ನನ್ನ ಹೆಸರಿಗೆ ಹಾಕಿದ್ರೆ ನಿನ್ನ ಕೈ ಮುರೀತೀನಿ. ಅದು ಅವರದೇ. ಅವರ ಹತ್ರಾನೇ ಇರ್ಲಿ.”

ಅಷ್ಟು ಹೇಳಿ ಎದ್ದು ಹೋದಳು. ನಾನು ಇನ್ನೂರಾ ಇಪ್ಪತ್ತೇಳು ಗೆರೆ ಹೊಡೆದು, ಒಂದನ್ನು ಹಾಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ತನಿಖೆಯವರು ಪುಸ್ತಕಗಳನ್ನು ಒಂದೊಂದಾಗಿ ತೆಗೆದು ರುಜು ಹಾಕುತ್ತ ಬಂದರು. ಕೊನೆಯ ಪುಸ್ತಕದಲ್ಲಿ ಗೆರೆ ಬೀಳದ ಸಾಲು ಕಂಡು, ಇದೇಕೆ ಎಂದರು. ಆ ಹೆಬ್ಬೆಟ್ಟು ಆಕೆಯದಲ್ಲ, ತಾವೇ ನಿನ್ನೆ ಹೇಳಿದಿರಿ ಎಂದೆ. ಅದು ನಿಜ ಎಂದು ಒಪ್ಪಿಕೊಂಡು, ಪಕ್ಕದಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಷರಾ ಬರೆದು, ದಿಂಬು ಎತ್ತಿಕೊಂಡು ಹೊರಟುಹೋದರು.

ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಚಪ್ಪರಕ್ಕೆ ಹೋದೆ. ಅತ್ತೆ ಮಣೆಯ ಮೇಲೆ ಕೂತಿದ್ದಳು. ಷರಾ ಓದಿದೆ: “ಸಂಖ್ಯೆ ಏಳು. ಮೊದಲ ತಿಂಗಳು ಬೇರೊಬ್ಬ ಆಳು. ಕೆಲಸ ತೃಪ್ತಿಕರವಲ್ಲ. ಎರಡನೆಯ ತಿಂಗಳಿನಿಂದ ಬದಲಿ.”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕಳು ನೋಡಿ, ಮೊಣಕಾಲು ಬಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಹದಿನೇಳು ವರ್ಷ ನಾನೂ ಅದನ್ನೇ ಹೇಳ್ತಿದ್ದೆ ಕಣೋ,” ಅಂದಳು. “ನನ್ನ ಮಾತು ಕೇಳ್ಲಿಲ್ಲ. ಸರ್ಕಾರ ಹೇಳಿದ್ದು ಕೇಳೋಕೆ ಅವರೇ ಇಲ್ಲ.”

ಅಲ್ಲಿಗೆ ನಗು ನಿಂತಿತು. ಅಂತ್ಯಕ್ರಿಯೆಯ ದಿನ ಅಳದವಳು, ಎರಡು ವರ್ಷ ಹಾಜರಿ ತಪ್ಪಿಸದವಳು, ಆ ಮಣೆಯ ಮೇಲೆ ಬಾಯಿಬಿಟ್ಟು ಅತ್ತಳು. ನಾನು ಅವಳ ಕೈಯಿಂದ ಚಾಕು ಬಿಡಿಸಿ ಕೆಳಗಿಟ್ಟೆ. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು, ಪಕ್ಕದಲ್ಲಿ ಕೂತುಕೊಂಡೆ.